ಹಳೇ ರೋಲ್ಸ್ ರಾಯ್ಸ್ ಕಮ್ಮಿ ಬೆಲೆಗೆ ಸಿಗುತ್ತಿದೆ, ತಗೊಳ್ಳಲಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ್ದು. ಹಳೇ ದೊಡ್ಡ ಕಾರು, ಯಾರೂ ಕೈಹಾಕದೆ ವರ್ಷಗಟ್ಟಲೆ ನಿಂತಿದ್ದು, ಬೆಲೆ ಕೈಗೆಟುಕುವಂತಿದೆ, ಆದರೆ ರಿಪೇರಿಗೆ ಎಷ್ಟಾಗುತ್ತದೋ ಗೊತ್ತಿಲ್ಲ. ಅದಕ್ಕೇ ಈ ಅಂಕಣ ಪೂರ್ತಿ ಆ ಪತ್ರಗಳಿಗೇ ಬಿಟ್ಟಿದ್ದೇನೆ.

ಪ್ರಶ್ನೆ: ಸರ್, 1974ರ ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೋ ಒಂದು ಮಾರಾಟಕ್ಕಿದೆ. ಎಂಟು ಹತ್ತು ವರ್ಷ ಶೆಡ್ಡಿನಲ್ಲೇ ನಿಂತಿತ್ತಂತೆ. ಎಂಜಿನ್ ಸ್ಟಾರ್ಟ್ ಆಗುತ್ತದೆ, ನಾನೇ ಕೇಳಿದ್ದೇನೆ, ಸದ್ದೇ ಇಲ್ಲ. "ಬ್ರೇಕ್ ಕೆಲಸ ಒಂದಿದೆ, ಸ್ವಲ್ಪ ಪೇಂಟ್ ಮಾಡಿಸಿದರೆ ಸಾಕು" ಅನ್ನುತ್ತಾರೆ ಮಾರುವವರು. ಇದೇ ಮಾಡೆಲಿನ ಒಳ್ಳೇ ಕಾರಿಗೆ ಇರುವ ಬೆಲೆಯ ಮೂರನೇ ಒಂದು ಭಾಗಕ್ಕೆ ಕೊಡುತ್ತಾರಂತೆ. ತಗೊಳ್ಳಲಾ? ರಿಪೇರಿ ಲೆಕ್ಕ ಹಾಕುವುದು ಹೇಗೆ?

ಉತ್ತರ: ಲೆಕ್ಕವನ್ನು ನೀವು ಮುಂದಿನಿಂದ ಹಾಕುತ್ತಿದ್ದೀರಿ. ಕಾರಿನ ಬೆಲೆ ಇಷ್ಟು, ಅದರ ಮೇಲೆ ಬ್ರೇಕಿಗೆ ಇಷ್ಟು, ಪೇಂಟಿಗೆ ಇಷ್ಟು ಅಂತ. ಹಿಂದಿನಿಂದ ಹಾಕಿ. ಇದೇ ಮಾಡೆಲ್, ಹೆಚ್ಚುಕಮ್ಮಿ ಇದೇ ವರ್ಷದ್ದು, ಇವತ್ತೇ ಹತ್ತಿ ದೂರದ ಊರಿಗೆ ಹೋಗಬಹುದಾದ ಕಾರು ಎಷ್ಟಕ್ಕೆ ಸಿಗುತ್ತದೆ ಅಂತ ಮೊದಲು ನೋಡಿ. ಕೇಳುವ ಬೆಲೆ ಬೇಡ, ನಿಜವಾಗಿ ಕೈ ಬದಲಾದ ಬೆಲೆ ಹಿಡಿಯಿರಿ. ಅದು ನೂರು ಅಂದುಕೊಳ್ಳಿ. ಅದರಲ್ಲಿ ರಿಪೇರಿ ಅಂದಾಜನ್ನು ಕಳೆಯಿರಿ. ಆಮೇಲೆ ಆ ಅಂದಾಜಿನ ಮೂರನೇ ಒಂದು ಭಾಗವನ್ನಾದರೂ, ಬಿಚ್ಚಿದ ಮೇಲೆ ಕಾಣುವ ಕೆಲಸಕ್ಕೆ ಅಂತ ಇನ್ನೊಮ್ಮೆ ಕಳೆಯಿರಿ. ಸಾಗಿಸುವ ಖರ್ಚು, ಕೆಲಸ ಮುಗಿಯುವ ತನಕ ನಿಲ್ಲಿಸುವ ಜಾಗದ ಖರ್ಚು, ಇನ್ಶೂರೆನ್ಸ್ ಕಳೆಯಿರಿ. ಉಳಿದದ್ದೇ ಈ ಕಾರಿಗೆ ನೀವು ಕೊಡಬಹುದಾದ ಗರಿಷ್ಠ ಬೆಲೆ.

ರಿಪೇರಿ ಐವತ್ತು ಅಂತಾದರೆ ಹೆಚ್ಚುವರಿ ಹದಿನೇಳು, ಉಳಿದ ಖರ್ಚು ಒಂದೈದು. ಕೈಯಲ್ಲಿ ಉಳಿಯುವುದು ಇಪ್ಪತ್ತೆಂಟು. ಅವರು ಕೇಳುತ್ತಿರುವುದು ಮೂವತ್ತಮೂರು! ಅಂದರೆ ಒಂದೆರಡು ವರ್ಷ ಕಾದು, ಓಡಾಡಿ, ಒಳ್ಳೇ ಕಾರಿಗಿಂತ ಜಾಸ್ತಿ ಕೊಟ್ಟಂತಾಯಿತು. ಕೆಲವರಿಗೆ ಆ ಕೆಲಸವೇ ಖುಷಿ, ಅವರಿಗೆ ಇದು ನಷ್ಟವಲ್ಲ. ಆದರೆ ಅಗ್ಗಕ್ಕೆ ಸಿಕ್ಕಿತು ಅಂತ ಮಾತ್ರ ಕೊಳ್ಳಬೇಡಿ.

ಎಲ್ಲರೂ ಎಡವುವ ಜಾಗ ಒಂದಿದೆ. ಕಾರಿನ ಬೆಲೆ ಇಳಿಯುತ್ತಾ ಹೋಗುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹೊಸದಾಗಿದ್ದಾಗ ಅದು ಜಗತ್ತಿನ ಅತಿ ದುಬಾರಿ ಕಾರುಗಳಲ್ಲಿ ಒಂದು. ಐವತ್ತು ವರ್ಷದ ಮೇಲೂ ಅದರ ಬ್ರೇಕು, ಅದರ ಚರ್ಮ, ಅದರ ಮರದ ಕೆಲಸ ಎಲ್ಲಾ ಆ ದರ್ಜೆಯದ್ದೇ. ಕೆಲಸದ ಗಂಟೆಗಳೂ ಹಾಗೇ. ನೀವು ಕಾರನ್ನು ಎಷ್ಟಕ್ಕೆ ಕೊಂಡಿರಿ ಅಂತ ಗ್ಯಾರೇಜಿನ ಬಿಲ್ಲಿಗೆ ಗೊತ್ತಾಗುವುದಿಲ್ಲ.

ಈಗ ನಿಮ್ಮ ಶ್ಯಾಡೋಗೆ ಬರೋಣ. "ಬ್ರೇಕ್ ಕೆಲಸ ಒಂದಿದೆ" ಅನ್ನುವ ಮಾತು ಬೇರೆ ಕಾರಿನ ವಿಷಯದಲ್ಲಿ ಸಣ್ಣದು. ಸಿಲ್ವರ್ ಶ್ಯಾಡೋದಲ್ಲಿ ಅದೇ ಕಾರಿನ ಅತಿ ಜಟಿಲ ಭಾಗ. 1965ರಲ್ಲಿ ಈ ಮಾಡೆಲ್ ಬಂದಾಗ ಬ್ರೇಕಿಗೂ ಸಸ್ಪೆನ್ಷನ್ ಎತ್ತರ ಸರಿಮಾಡುವುದಕ್ಕೂ ಸೇರಿ ಒಂದೇ ಹೈಡ್ರಾಲಿಕ್ ವ್ಯವಸ್ಥೆ ಇಟ್ಟರು. ತಂತ್ರಜ್ಞಾನ ಸಿಟ್ರೊಯೆನ್ ಕಂಪನಿಯಿಂದ ಲೈಸೆನ್ಸಿನ ಮೇಲೆ ತಂದದ್ದು. ಎಂಜಿನ್ನಿನ ಕ್ಯಾಮ್‌ಶಾಫ್ಟಿನಿಂದ ಓಡುವ ಎರಡು ಪಂಪು, ಒತ್ತಡ ಹಿಡಿದಿಡಲು ಒಳಗೆ ನೈಟ್ರೋಜನ್ ಗ್ಯಾಸ್ ತುಂಬಿದ ಗುಂಡನೆಯ ಅಕ್ಯುಮ್ಯುಲೇಟರುಗಳು, ಮುಂದಿನ ಪ್ರತಿ ಚಕ್ರಕ್ಕೆ ಎರಡೆರಡು ಕ್ಯಾಲಿಪರ್ (ಬ್ರೇಕಿನ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ), ಇವೆಲ್ಲವನ್ನು ಜೋಡಿಸುವ ಮೀಟರುಗಟ್ಟಲೆ ಪೈಪು, ಅಲ್ಲಲ್ಲಿ ರಬ್ಬರ್ ಹೋಸು. ಇದರ ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹತ್ತು ವರ್ಷ ನಿಂತ ಕಾರಿನಲ್ಲಿ ಆ ನೀರು ಕ್ಯಾಲಿಪರಿನ ಪಿಸ್ಟನ್ನು, ಪೈಪು, ವಾಲ್ವು ಎಲ್ಲಕ್ಕೂ ಒಳಗಿಂದ ತುಕ್ಕು ಹಿಡಿಸಿರುತ್ತದೆ. ಹಾಗಾಗಿ ನೀವು ಹಾಕಬೇಕಾದ ಅಂದಾಜು ಒಂದು ಕ್ಯಾಲಿಪರಿನದ್ದಲ್ಲ, ಇಡೀ ವ್ಯವಸ್ಥೆಯದ್ದು. ಬರೀ ಹೋಸುಗಳನ್ನು ಬದಲಿಸುವುದೇ ದಿನಗಟ್ಟಲೆ ಕೆಲಸ, ಯಾಕಂದರೆ ಎಷ್ಟೋ ಹೋಸುಗಳಿಗೆ ಕೈ ಹೋಗುವುದೇ ಕಷ್ಟ.

ಅಲ್ಲೇ ನೀವು ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಎಂಜಿನ್ ಸ್ಟಾರ್ಟ್ ಮಾಡಿಸಿ. ಡ್ಯಾಶ್‌ಬೋರ್ಡಿನಲ್ಲಿ ಬ್ರೇಕ್ ಒತ್ತಡದ ಎರಡು ಎಚ್ಚರಿಕೆ ದೀಪ ಇರುತ್ತವೆ, ಅವು ಆರಬೇಕು. ಆರಲು ತುಂಬಾ ಹೊತ್ತು ತಗೊಂಡರೆ ಅದೂ ಒಂದು ಸುಳಿವೇ. ಎಂಜಿನ್ನನ್ನು ನಾಲ್ಕೈದು ನಿಮಿಷ ಓಡಿಸಿ ನಿಲ್ಲಿಸಿ, ಕೀ ಮಾತ್ರ ಆನ್ ಇಟ್ಟು ಬ್ರೇಕನ್ನು ತುಳಿಯುತ್ತಾ ಎಣಿಸಿ. ಅಕ್ಯುಮ್ಯುಲೇಟರ್ ಚೆನ್ನಾಗಿದ್ದರೆ ಹತ್ತಾರು ಸಲ ತುಳಿಯುವ ತನಕ ದೀಪ ಹತ್ತುವುದಿಲ್ಲ. ನಾಲ್ಕೈದು ಸಲಕ್ಕೇ ಹತ್ತಿದರೆ ಗ್ಯಾಸ್ ಹೋಗಿದೆ ಅಂತ ಅರ್ಥ. ಇದೆಲ್ಲಾ ನಿಂತಲ್ಲೇ ಮಾಡಿ, ಇಂಥ ಬ್ರೇಕಿನ ಕಾರನ್ನು ದಯವಿಟ್ಟು ರಸ್ತೆಗೆ ಇಳಿಸಬೇಡಿ.

ಇನ್ನೊಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ಈ ಹತ್ತು ವರ್ಷದಲ್ಲಿ ಯಾರಾದರೂ ಫ್ಲೂಯಿಡ್ ಹಾಕಿದ್ದಾರಾ, ಯಾವುದು ಹಾಕಿದರು? ಶ್ಯಾಡೋಗೆ ಬೇಕಾದದ್ದು ಆರ್‌ಆರ್363 ಅನ್ನುವ ಫ್ಲೂಯಿಡ್. 1980ರಲ್ಲಿ ಇದರ ಜಾಗಕ್ಕೆ ಬಂದ ಸಿಲ್ವರ್ ಸ್ಪಿರಿಟ್‌ಗೆ ಮಿನರಲ್ ಆಯಿಲ್. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ರಬ್ಬರ್ ಸೀಲುಗಳೆಲ್ಲಾ ಹಾಳು. ಮತ್ತೆ ಇಡೀ ವ್ಯವಸ್ಥೆಯನ್ನು ಬಿಚ್ಚಬೇಕಾಗುತ್ತದೆ. ಮಾರುವವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕೆಟ್ಟದ್ದನ್ನೇ ಅಂದಾಜಿಗೆ ಹಿಡಿಯಿರಿ.

ಎಂಜಿನ್ ಸದ್ದಿಲ್ಲದೆ ಓಡುತ್ತದೆ ಅನ್ನುವುದು ಸಂತೋಷದ ವಿಷಯವೇ. ಆದರೆ ಅದು ಪೂರ್ತಿ ಭರವಸೆಯಲ್ಲ. ನಿಮ್ಮ ಕಾರಿನಲ್ಲಿರುವುದು 6.75 ಲೀಟರಿನ ವಿ8, ಅಲ್ಯೂಮಿನಿಯಂ ಬ್ಲಾಕು. ತುಕ್ಕು ತಡೆಯುವ ಕೂಲೆಂಟ್ ಬಿಟ್ಟು ಬರೀ ನೀರು ತುಂಬಿ ವರ್ಷಗಟ್ಟಲೆ ಇಟ್ಟಿದ್ದರೆ ಅಲ್ಯೂಮಿನಿಯಂ ಒಳಗಿಂದ ಸವೆದಿರುತ್ತದೆ. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಬಣ್ಣ ನೋಡಿ. ಕೆಂಪು ಕೆಸರಿನಂತೆ ಇದ್ದರೆ ಹುಷಾರು. ಎಂಜಿನ್ನನ್ನು ಅರ್ಧ ಗಂಟೆಯಾದರೂ ಓಡಿಸಬೇಕು, ಟೆಂಪರೇಚರ್ ಮುಳ್ಳು ಒಂದೇ ಕಡೆ ನಿಲ್ಲಬೇಕು, ಬಿಸಿಯಾದ ಮೇಲೂ ಆಯಿಲ್ ಪ್ರೆಷರ್ ಇರಬೇಕು. ಎಂಟೂ ಸಿಲಿಂಡರಿನ ಕಂಪ್ರೆಷನ್ (ಒಳಗೆ ಹುಟ್ಟುವ ಒತ್ತಡ) ಅಳೆಸಿ. ಎಂಟೂ ಹತ್ತಿರ ಹತ್ತಿರ ಇದ್ದರೆ ಆ ಖರ್ಚಿನ ಭಯ ಅರ್ಧ ಕಮ್ಮಿಯಾಯಿತು. ಗೇರ್‌ಬಾಕ್ಸ್ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ, ಅದು ಜನರಲ್ ಮೋಟಾರ್ಸಿನ ಟರ್ಬೋ ಹೈಡ್ರಾಮ್ಯಾಟಿಕ್ 400, ಗಟ್ಟಿ ಪೆಟ್ಟಿಗೆ, ಭಾಗಗಳೂ ಸಿಗುತ್ತವೆ.

ನಿಜವಾದ ಹಣ ಹೋಗುವುದು ಕಾರಿನ ಬಾಡಿಯ ಕೆಲಸಕ್ಕೆ. ಶ್ಯಾಡೋಗಿಂತ ಹಳೆಯ ಸಿಲ್ವರ್ ಕ್ಲೌಡ್‌ನಲ್ಲಿ ಚಾಸಿ (ಕಾರನ್ನು ಹೊರುವ ಕೆಳಗಿನ ಚೌಕಟ್ಟು) ಬೇರೆ, ಬಾಡಿ ಬೇರೆ ಇತ್ತು. ಶ್ಯಾಡೋದಲ್ಲಿ ಬಾಡಿಯೇ ಚಾಸಿ. ಹಾಗಾಗಿ ಬಾಗಿಲ ಕೆಳಗಿನ ಸಿಲ್ಲು, ಹಿಂದಿನ ಚಕ್ರದ ಸುತ್ತಲಿನ ಕಮಾನು, ಸಸ್ಪೆನ್ಷನ್ ಕೂರುವ ಜಾಗ, ಇಲ್ಲಿ ತುಕ್ಕು ಇದ್ದರೆ ಕಾರಿನ ಬಲವೇ ಹೋದಂತೆ. ಮೇಲೆ ಪೇಂಟ್ ಹೊಡೆದರೆ ಮುಗಿಯುವ ಕೆಲಸ ಅಲ್ಲ ಅದು. ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿ, ಆಮೇಲೆ ಟಿಂಕರಿಂಗ್. ಮ್ಯಾಗ್ನೆಟ್ ಒಂದನ್ನು ಬಟ್ಟೆಯಲ್ಲಿ ಸುತ್ತಿ ತಗೊಂಡು ಹೋಗಿ. ಬಾನೆಟ್ಟು, ಬಾಗಿಲು, ಡಿಕ್ಕಿಯ ಮುಚ್ಚಳಕ್ಕೆ ಅದು ಅಂಟುವುದಿಲ್ಲ, ಗಾಬರಿ ಬೇಡ, ಅವು ಕಂಪನಿಯಿಂದಲೇ ಅಲ್ಯೂಮಿನಿಯಂ. ಆದರೆ ಸಿಲ್ಲಿಗೆ, ಚಕ್ರದ ಕಮಾನಿಗೆ ಅಂಟಲೇಬೇಕು. ಅಲ್ಲಿ ಜಾರಿದರೆ ಒಳಗೆ ಇರುವುದು ಪುಟ್ಟಿ. ಕಾರ್ಪೆಟ್ ಎತ್ತಿ ನೆಲ ಮುಟ್ಟಿ ನೋಡಿ. ಗಾಜಿನ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ನೀರು ಅಲ್ಲಿಗೇ ಇಳಿದಿರುತ್ತದೆ.

"ಸ್ವಲ್ಪ ಪೇಂಟ್" ಅಂದರಲ್ವಾ? ಹಳೇ ಕಾರಿಗೆ ಸರಿಯಾಗಿ ಪೇಂಟ್ ಮಾಡುವುದು ಅಂದರೆ ಗಾಜು, ಬೀಡಿಂಗು, ಹಿಡಿ, ದೀಪ ಎಲ್ಲಾ ತೆಗೆದು, ಹಳೇ ಪದರ ಕೆರೆದು, ತಗಡು ನೇರ ಮಾಡಿ, ಆಮೇಲೆ ಬಣ್ಣ. ಬಣ್ಣದ ಡಬ್ಬಿಯ ಬೆಲೆ ಅದರಲ್ಲಿ ಸಣ್ಣದು, ನೂರಾರು ಗಂಟೆಯ ಲೇಬರ್ ದೊಡ್ಡದು. ತೆಗೆದ ಕ್ರೋಮ್ ಭಾಗಗಳನ್ನು ಹಾಗೇ ವಾಪಸ್ ಹಾಕಿದರೆ ಹೊಸ ಬಣ್ಣದ ಪಕ್ಕ ಕಳೆಗುಂದಿ ಕಾಣುತ್ತವೆ, ಆಗ ಪ್ಲೇಟಿಂಗ್ ಕೂಡ ಮಾಡಿಸೋಣ ಅನಿಸುತ್ತದೆ. ಹೊರಗೆ ಹೊಸದಾದ ಮೇಲೆ ಒಳಗಿನ ಸೀಟು ಹಳತು ಕಾಣುತ್ತದೆ. ಹೀಗೆ ಒಂದು ಕೆಲಸ ಇನ್ನೊಂದನ್ನು ಕರೆಯುತ್ತಾ ಹೋಗುತ್ತದೆ. ಎಲ್ಲಿ ನಿಲ್ಲಿಸುತ್ತೀರಿ ಅಂತ ಕೊಳ್ಳುವ ಮೊದಲೇ ಬರೆದಿಟ್ಟುಕೊಳ್ಳಿ.

ಕಾಣೆಯಾದ ಭಾಗಗಳ ಪಟ್ಟಿಯನ್ನೂ ಮಾಡಿ. ಕೆಟ್ಟ ಭಾಗವನ್ನು ರಿಪೇರಿ ಮಾಡಬಹುದು, ಇಲ್ಲದ ಭಾಗವನ್ನು ಹುಡುಕಲೇಬೇಕು. ಒಂದು ಮರದ ಪಟ್ಟಿ, ಒಂದು ದೀಪದ ಗಾಜು, ಒಂದು ಸ್ವಿಚ್ಚು, ಇವು ತಿಂಗಳುಗಟ್ಟಲೆ ಕೆಲಸ ನಿಲ್ಲಿಸುತ್ತವೆ.

ಕೊನೆಗೆ, ಈ ಮಾಡೆಲನ್ನು ಬಿಚ್ಚಿ ಕಟ್ಟಿದ ಅನುಭವ ಇರುವ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಕಾರು ತೋರಿಸಿ. ಮಾರುವವರಿಗೆ ಪರಿಚಯದವರು ಬೇಡ. ಅಂದಾಜನ್ನು ಮೂರು ಭಾಗ ಮಾಡಿ ಬರೆದುಕೊಡಲು ಹೇಳಿ: ಸುರಕ್ಷಿತವಾಗಿ ಓಡಲು ಬೇಕಾದದ್ದು, ಇನ್ನೂ ಹಾಳಾಗದಂತೆ ತಡೆಯಲು ಬೇಕಾದದ್ದು, ಬರೀ ಚೆಂದಕ್ಕೆ ಬೇಕಾದದ್ದು. ಪಾರ್ಟ್ಸ್ ಬೇರೆ, ಲೇಬರ್ ಗಂಟೆ ಬೇರೆ ಇರಲಿ. ಮೊದಲ ಎರಡು ಭಾಗದ ಮೊತ್ತ ಕೈಯಲ್ಲಿ ಇಲ್ಲದಿದ್ದರೆ ಈ ಕಾರು ಬೇಡ. ಸಿಲ್ವರ್ ಶ್ಯಾಡೋ 1980ರ ತನಕ ಸಾವಿರಾರು ತಯಾರಾಗಿದೆ, ಇನ್ನೊಂದು ಸಿಗುತ್ತದೆ. ನೀವು ಬರೆದದ್ದನ್ನಷ್ಟೇ ನೋಡಿ ಹೇಳುವುದಾದರೆ, ಆ ಬೆಲೆಗೆ ನಾನು ತಗೊಳ್ಳುವುದಿಲ್ಲ. ಬಾಡಿ ಕೆಳಗಿಂದ ಗಟ್ಟಿ ಅಂತ ಕಂಡುಬಂದು, ಬೆಲೆ ಅದರ ಅರ್ಧಕ್ಕೆ ಇಳಿದರೆ ಮತ್ತೆ ಯೋಚಿಸುತ್ತೇನೆ.

ಪ್ರಶ್ನೆ: ಜಾಗ್ವಾರ್ ಎಕ್ಸ್‌ಜೆ6 ಎರಡು ನೋಡಿದ್ದೇನೆ, ಎರಡೂ ಮೊದಲ ಸರಣಿಯವು, ಬೆಲೆ ಹೆಚ್ಚುಕಮ್ಮಿ ಒಂದೇ. ಒಂದರ ಎಂಜಿನ್ ಜಾಮ್ ಆಗಿದೆ, ಬಾಡಿ ಸ್ವಚ್ಛ. ಇನ್ನೊಂದು ಚೆನ್ನಾಗಿ ಓಡುತ್ತದೆ, ಆದರೆ ಸಿಲ್ಲಿನಲ್ಲಿ ತುಕ್ಕು ಇದೆ. ಓಡುವುದನ್ನೇ ತಗೋ ಅಂತಾರೆ ಮನೆಯವರೆಲ್ಲಾ.

ಉತ್ತರ: ಎಂಜಿನ್ ಜಾಮ್ ಆದದ್ದನ್ನು ತಗೊಳ್ಳಿ.

ಮನೆಯವರಿಗೆ ಹೀಗೆ ವಿವರಿಸಿ. ಆ ಎಂಜಿನ್ ಜಾಗ್ವಾರಿನ ಎಕ್ಸ್‌ಕೆ, ಆರು ಸಿಲಿಂಡರಿನದ್ದು. 1940ರ ದಶಕದ ಕೊನೆಯಿಂದ 1990ರ ದಶಕದ ಆರಂಭದ ತನಕ ತಯಾರಾದದ್ದು, ಪಿಸ್ಟನ್ನು ಬೇರಿಂಗು ಗ್ಯಾಸ್ಕೆಟ್ಟು ಎಲ್ಲಾ ಸಿಗುತ್ತವೆ, ಕಟ್ಟಲು ಬಲ್ಲವರೂ ಇದ್ದಾರೆ. ಎಂಜಿನ್ ಕೆಲಸಕ್ಕೆ ಒಂದು ಮಿತಿ ಇದೆ. ಬಿಚ್ಚಿ ಅಳೆದರೆ ಇಷ್ಟು ಅಂತ ಹೇಳಬಹುದು. ಪೂರ್ತಿ ಕೆಟ್ಟಿದೆ ಅಂತಲೇ ಹಿಡಿದು ಬೇರೆ ಎಂಜಿನ್ ಕೂರಿಸಿದರೂ ಮೊತ್ತ ಮೊದಲೇ ಗೊತ್ತಾಗುತ್ತದೆ. ಆಗ ಹಳೇ ಎಂಜಿನ್ನನ್ನು ಮಾತ್ರ ಎಸೆಯಬೇಡಿ, ಕಾರಿನ ಜೊತೆಗೆ ಬಂದ ನಂಬರಿನ ಎಂಜಿನ್ ಇದ್ದರೆ ಮುಂದೆ ಬೆಲೆ ಜಾಸ್ತಿ. ತುಕ್ಕಿಗೆ ಆ ಮಿತಿ ಇಲ್ಲ. ಹೊರಗೆ ಬೆರಳಗಲ ಕಂಡದ್ದು ಒಳಗೆ ಅಂಗೈಯಗಲ ಇರುತ್ತದೆ. ಎಕ್ಸ್‌ಜೆ ಬಾಡಿಯೂ ಚಾಸಿ ಇಲ್ಲದ್ದೇ, ಅದರಲ್ಲಿ ಸಿಲ್ಲು ಹೋಗಿದ್ದರೆ ಹಿಂದಿನ ರೇಡಿಯಸ್ ಆರ್ಮ್ (ಹಿಂದಿನ ಚಕ್ರವನ್ನು ಜಾಗದಲ್ಲಿ ಹಿಡಿದಿಡುವ ಸರಳು) ಕಚ್ಚಿಕೊಳ್ಳುವ ಜಾಗವನ್ನೂ, ಮುಂದಿನ ಗಾಜಿನ ಸುತ್ತಲಿನ ಚೌಕಟ್ಟನ್ನೂ ಅನುಮಾನದಿಂದಲೇ ನೋಡಬೇಕು.

ಹಿಂದಿನ ಬ್ರೇಕನ್ನೂ ಲೆಕ್ಕಕ್ಕೆ ಸೇರಿಸಿ. ಈ ಕಾರಿನಲ್ಲಿ ಹಿಂದಿನ ಡಿಸ್ಕುಗಳು ಚಕ್ರದ ಹತ್ತಿರ ಇಲ್ಲ, ನಡುವೆ ಡಿಫರೆನ್ಷಿಯಲ್‌ಗೆ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಅಂಟಿಕೊಂಡಿವೆ. ಡಿಸ್ಕ್ ಬದಲಿಸಲು ಸಾಮಾನ್ಯವಾಗಿ ಹಿಂದಿನ ಇಡೀ ಸಬ್‌ಫ್ರೇಮನ್ನೇ (ಇವೆಲ್ಲಾ ಕೂರುವ ಚೌಕಟ್ಟು) ಇಳಿಸುತ್ತಾರೆ. ಅಲ್ಲಿನ ಆಯಿಲ್ ಸೀಲು ಲೀಕ್ ಆದರೆ ಎಣ್ಣೆ ನೇರ ಡಿಸ್ಕಿನ ಮೇಲೆ. ಹೇಗೂ ಇಳಿಸುವುದಿದ್ದರೆ ಸೀಲು, ಡಿಸ್ಕು, ಬುಷ್ಷು, ಹೋಸು ಒಂದೇ ಸಲ ಮಾಡಿಸಿಬಿಡಿ, ಲೇಬರ್ ಎರಡೆರಡು ಸಲ ಕೊಡುವುದು ಯಾಕೆ.

ಪ್ರಶ್ನೆ: ಮರ್ಸಿಡಿಸ್ 450ಎಸ್‌ಇಎಲ್ 6.9 ಹೆಸರು ಕೇಳಿದರೇ ಆಸೆ. ಸಾಮಾನ್ಯ 450ಎಸ್‌ಇಎಲ್ ಕೂಡ ಒಂದು ನೋಡಿದ್ದೇನೆ. ಎರಡೂ ರಿಪೇರಿ ಕಾಣದವು. ಖರ್ಚಿನಲ್ಲಿ ಅಷ್ಟು ವ್ಯತ್ಯಾಸ ಇದೆಯಾ?

ಉತ್ತರ: ಇದೆ, ಜಾಸ್ತಿಯೇ ಇದೆ. ನೋಡಲು ಅಣ್ಣ ತಮ್ಮ, ಆದರೆ ಸಾಮಾನ್ಯ 450ರಲ್ಲಿ ಇರುವುದು ಸ್ಟೀಲ್ ಸ್ಪ್ರಿಂಗು. 6.9ರಲ್ಲಿ ಎಣ್ಣೆ ಮತ್ತು ಗ್ಯಾಸಿನ ಮೇಲೆ ನಿಲ್ಲುವ ಸಸ್ಪೆನ್ಷನ್. ಅದಕ್ಕೊಂದು ಪಂಪು, ಎತ್ತರ ನೋಡಿಕೊಳ್ಳುವ ವಾಲ್ವುಗಳು, ನೈಟ್ರೋಜನ್ ಗ್ಯಾಸ್ ತುಂಬಿದ ಗುಂಡುಗಳು. ಎಂಜಿನ್ನೂ ಬೇರೆ, ಡ್ರೈ ಸಂಪ್ (ಎಂಜಿನ್ ಆಯಿಲನ್ನು ಬೇರೆ ಟ್ಯಾಂಕಿನಲ್ಲಿ ಇಡುವ ಏರ್ಪಾಡು) ಇರುವ ದೊಡ್ಡ ವಿ8. ಅದು ತಯಾರಾದದ್ದೇ ಒಟ್ಟು 7,380, ಹಾಗಾಗಿ ಅದಕ್ಕೇ ಮೀಸಲಾದ ಭಾಗಗಳು ಸುಲಭಕ್ಕೆ ಸಿಗುವುದಿಲ್ಲ.

ಆಸೆ ಬಿಡಿ ಅಂತ ಹೇಳುವುದಿಲ್ಲ, ಅಷ್ಟು ಒಳ್ಳೇ ಕಾರು ಅದು. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ನಿಮ್ಮ ಕಣ್ಣೆದುರಿಗೇ ಸ್ಟಾರ್ಟ್ ಮಾಡಿಸಿ. ನಾಲ್ಕೂ ಮೂಲೆ ಒಂದೇ ಮಟ್ಟಕ್ಕೆ ಏಳಬೇಕು. ಎದ್ದು, ಓಡುವಾಗ ಮಾತ್ರ ಗಡುಸು ಅನಿಸಿದರೆ ಹೆಚ್ಚಾಗಿ ಗುಂಡುಗಳ ಗ್ಯಾಸ್ ಹೋಗಿರುತ್ತದೆ. ಅವು ಬದಲಿಸುವ ವಸ್ತುವೇ. ಒಂದು ಮೂಲೆ ಕುಸಿದೇ ಇದ್ದರೆ, ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿದ್ದರೆ, ಪಂಪು ಸದ್ದು ಮಾಡುತ್ತಿದ್ದರೆ ಆಗ ಅಂದಾಜು ಬೇರೆಯೇ ಮಟ್ಟಕ್ಕೆ ಹೋಗುತ್ತದೆ.

ಇನ್ನೊಬ್ಬರು ಮರ್ಸಿಡಿಸ್ 600ರ ಬಗ್ಗೆ ಕೇಳಿದ್ದಾರೆ. ಅದರಲ್ಲಿ ಕಿಟಕಿ ಗಾಜು, ಸೀಟು, ಡಿಕ್ಕಿಯ ಮುಚ್ಚಳ ಕೂಡ ಸುಮಾರು 150 ಬಾರ್ ಒತ್ತಡದ ಹೈಡ್ರಾಲಿಕ್ ಎಣ್ಣೆಯಿಂದ ಓಡುತ್ತವೆ. ಕಿಟಕಿಯ ಸ್ವಿಚ್ಚು ಅಂದರೆ ಅದು ಕರೆಂಟಿನ ಸ್ವಿಚ್ಚಲ್ಲ, ಎಣ್ಣೆಯ ವಾಲ್ವು. ಪ್ರತಿ ಬಾಗಿಲಿನ ಒಳಗೂ ಆ ಪೈಪುಗಳಿವೆ. ಇಂಥ ಕಾರಿನಲ್ಲಿ ಕೆಲಸ ಮಾಡದ ಪ್ರತಿ ಕಿಟಕಿಯನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಬೆಲೆ ಹಾಕಿಸಿ.

ಪ್ರಶ್ನೆ: ನಾನು ನೋಡಿದ ಬೆಂಟ್ಲಿ ಟಿ ಗೆ ಕಂಪನಿಯ ಮೂಲ ಬಣ್ಣವೇ ಇದೆ, ಮಾಸಿದೆ ಅಷ್ಟೆ. ಚರ್ಮದ ಸೀಟು ಗಟ್ಟಿಯಾಗಿದೆ, ಎರಡು ಕಡೆ ಹೊಲಿಗೆ ಬಿಟ್ಟಿದೆ. ಡ್ಯಾಶ್‌ಬೋರ್ಡಿನ ಮರದ ಮೇಲೆ ವಾರ್ನಿಷ್ ಬಿರುಕು. ಎಲ್ಲಾ ಹೊಸದು ಮಾಡಿಸಲೇಬೇಕಾ?

ಉತ್ತರ: ಬೇಡ ಮೇಡಂ, ದಯವಿಟ್ಟು ಬೇಡ. ಓಡುವ ಭಾಗಗಳು ಗಟ್ಟಿ ಇದ್ದರೆ ನೀವು ನೋಡಿರುವುದು ಅಪರೂಪದ ಕಾರು. ಹಳೇ ವಾಹನ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾದ ಟ್ಯೂರಿನ್ ಚಾರ್ಟರ್ ಕೂಡ ಇದ್ದದ್ದನ್ನು ಕಾಪಾಡಿಕೊಳ್ಳುವುದಕ್ಕೇ ಮಹತ್ವ ಕೊಡುತ್ತದೆ. ಅಮೆರಿಕದ ಪೆಬಲ್ ಬೀಚ್‌ನಂಥ ದೊಡ್ಡ ಹಳೇ ಕಾರು ಪ್ರದರ್ಶನದಲ್ಲಿ ರಿಪೇರಿ ಕಾಣದೆ ಉಳಿದ ಕಾರುಗಳಿಗೇ ಬೇರೆ ವಿಭಾಗ ಇದೆ. ಮೂಲ ಬಣ್ಣ ಒಮ್ಮೆ ಕೆರೆದರೆ ಹೋಯಿತು, ಎಷ್ಟು ದುಡ್ಡು ಕೊಟ್ಟರೂ ವಾಪಸ್ ಬರುವುದಿಲ್ಲ.

ಖರ್ಚಿನ ದೃಷ್ಟಿಯಿಂದಲೂ ಇದು ನಿಮಗೇ ಅನುಕೂಲ. ಗಟ್ಟಿಯಾದ ಚರ್ಮ ಬಿರಿದಿಲ್ಲದಿದ್ದರೆ ಸ್ವಚ್ಛ ಮಾಡಿ, ಕಂಡೀಷನರ್ ಹಚ್ಚುತ್ತಾ ಹೋದರೆ ಮೆಲ್ಲನೆ ಮೆತ್ತಗಾಗುತ್ತದೆ. ಹೊಲಿಗೆ ಬಿಟ್ಟ ಕಡೆ ಹಳೇ ತೂತಿನಲ್ಲೇ ಮತ್ತೆ ಹೊಲಿಸಬಹುದು. ಸುಮ್ನೆ ಹೊಸ ಚರ್ಮ ಹಾಕಿಸಬೇಡಿ. ಮರದ ವಿಷಯದಲ್ಲಿ ನೋಡಬೇಕಾದದ್ದು ಒಂದೇ: ಬಿರುಕು ವಾರ್ನಿಷ್‌ನಲ್ಲಿದೆಯಾ, ಕೆಳಗಿನ ವಾಲ್‌ನಟ್ ಪದರದಲ್ಲಿದೆಯಾ? ವಾರ್ನಿಷ್ ಆದರೆ ತೆಗೆದು ಮತ್ತೆ ಹಚ್ಚಬಹುದು. ಪದರವೇ ಎದ್ದು ತುಂಡು ಹೋಗಿದ್ದರೆ ಎಡ ಬಲ ವಿನ್ಯಾಸ ಹೊಂದುವ ತುಂಡು ಹುಡುಕಬೇಕು, ಅದು ಒಳ್ಳೇ ಕೈಯವರ ಕೆಲಸ.

ಬೆಂಟ್ಲಿ ಟಿ ಅಂದರೆ ಬ್ಯಾಡ್ಜು, ಗ್ರಿಲ್ಲು ಬಿಟ್ಟರೆ ಸಿಲ್ವರ್ ಶ್ಯಾಡೋವೇ. ಹಾಗಾಗಿ ಮೊದಲ ಉತ್ತರದಲ್ಲಿ ಬ್ರೇಕಿನ ಬಗ್ಗೆ ಬರೆದದ್ದೆಲ್ಲಾ ನಿಮಗೂ ಅನ್ವಯ. ಬಣ್ಣಕ್ಕೆ ಉಳಿದ ದುಡ್ಡನ್ನು ಅಲ್ಲಿಗೆ ಹಾಕಿ.

ಪ್ರಶ್ನೆ: ಓಡಿಸುತ್ತಾ ಓಡಿಸುತ್ತಾ ಸ್ವಲ್ಪ ಸ್ವಲ್ಪವೇ ರಿಪೇರಿ ಮಾಡಿಸಿಕೊಂಡರೆ ಆಗಲ್ವಾ?

ಉತ್ತರ: ಬಾಡಿ ಗಟ್ಟಿ ಇದ್ದರೆ ಖಂಡಿತ ಆಗುತ್ತದೆ. ಮೊದಲು ಬ್ರೇಕು, ಟೈರು. ಟೈರಿನ ಮೇಲ್ಮೈ ಸವೆದಿಲ್ಲ ಅಂತ ನಂಬಬೇಡಿ, ಪಕ್ಕದಲ್ಲಿ ಡಾಟ್ (DOT) ಅಂತ ಇರುವ ಕಡೆ ಕೊನೆಯ ನಾಲ್ಕು ಅಂಕಿ ನೋಡಿ: ಮೊದಲೆರಡು ವಾರ, ಮುಂದಿನೆರಡು ವರ್ಷ. 1214 ಅಂದರೆ 2014ರ ಹನ್ನೆರಡನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಳೆಯದು, ಅದರ ಮೇಲೆ ಓಡಿಸಲೇಬೇಡಿ. ಆಮೇಲೆ ಪೆಟ್ರೋಲ್ ಟ್ಯಾಂಕು ಮತ್ತು ಪೈಪು, ಯಾಕಂದರೆ ಹಳೇ ರಬ್ಬರ್ ಪೈಪು ಬಿಸಿ ಎಂಜಿನ್ ಮೇಲೆ ಸೋರಿದರೆ ಬೆಂಕಿ. ಆಮೇಲೆ ಕೂಲಿಂಗ್. ಪೇಂಟು ಎಲ್ಲಕ್ಕಿಂತ ಕೊನೆಗೆ.

ತುಕ್ಕಿನ ಕಾರಾದರೆ ಈ ಕ್ರಮ ನಡೆಯುವುದಿಲ್ಲ. ವೆಲ್ಡಿಂಗೇ ಮೊದಲು ಆಗಬೇಕು, ಅಲ್ಲಿಯ ತನಕ ಅದನ್ನು ರಸ್ತೆಗೆ ಇಳಿಸಬೇಡಿ.